ಶೇಕಡಾವಾರು ಫಲಿತಾಂಶವೊಂದೇ ಅಳತೆಗೋಲಾಗದಿರಲಿ

ಬೆಂಗಳೂರಿನ ಸರ್ಕಾರಿ ಮತ್ತು ಪಾಲಿಕೆ ಪ್ರೌಢಶಾಲೆಗಳನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಆಧಾರದ ಮೇಲೆ ಹೋಲಿಸಿರುವ ಈ ಲೇಖನವನ್ನು ಗಮನವಿಟ್ಟು ಓದಿದೆ. ಹೋಲಿಕೆ ಖಂಡಿತ ಆಗಬೇಕು. ಆದರೆ 20 ಮಕ್ಕಳು ಪರೀಕ್ಷೆಗೆ ಕೂತ ಶಾಲೆಯಲ್ಲಿ ಒಂದು ಮಗು ಅನುತ್ತೀರ್ಣವಾದರೆ ಫಲಿತಾಂಶ ಶೇ 5ರಷ್ಟು ಕುಸಿಯುತ್ತದೆ. 200 ಮಕ್ಕಳಿರುವ ಶಾಲೆಯಲ್ಲಿ ಕುಸಿಯುವುದು ಶೇ 0.5 ಮಾತ್ರ.

ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿದ್ದ ವರ್ಷ ನನ್ನ ಮಗಳ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿ ಬಿದ್ದಿತ್ತು. ಶಾಲೆ ಮೇ ಕೊನೆಗೇ ಶುರುವಾದರೂ ಅತಿಥಿ ಶಿಕ್ಷಕರು ಬಂದದ್ದು ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಹಿಂದಿ ಮೇಷ್ಟ್ರೇ ಮಾದರಿ ಲೆಕ್ಕಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಸುತ್ತಿದ್ದರು. ಪ್ರಯೋಗಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ಬೀಗ ಹಾಕಿದ್ದ ಒಂದು ಕಬ್ಬಿಣದ ಬೀರು. ಅದನ್ನು ತೆಗೆಸಿದಾಗ ಪ್ರನಾಳಗಳು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಹಾಗೆಯೇ ಇದ್ದವು. ಮಕ್ಕಳಲ್ಲಿ ಅನೇಕರು ಕಟ್ಟಡದ ಕೆಲಸ ಹುಡುಕಿಕೊಂಡು ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಮನೆಯವರು. ಅಪ್ಪ ಅಮ್ಮನ ಕೆಲಸದ ಜಾಗ ಬದಲಾದರೆ ಅವರ ಹಾಜರಿಯೂ ತಪ್ಪುತ್ತಿತ್ತು.

ಇನ್ನೊಂದು ಮಾತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ ಮೇಲೆ ರಾಜ್ಯದ ಫಲಿತಾಂಶವೇ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ನಂತರ. ಹೀಗಿರುವಾಗ ಆ ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದೋ ಒಂದು ಶಾಲೆ ಹಿಂದೆ ಬಿದ್ದಿದೆ ಎನ್ನುವುದು ಅಲ್ಲಿನ ಶಿಕ್ಷಕರಿಗೆ ಮಾಡುವ ಅನ್ಯಾಯ.

ಲೇಖಕರಲ್ಲಿ ನನ್ನ ವಿನಂತಿಯಿಷ್ಟೆ: ಪ್ರತಿ ಶಾಲೆಯ ಹೆಸರಿನ ಮುಂದೆ ಪರೀಕ್ಷೆ ಬರೆದ ಮಕ್ಕಳ ಸಂಖ್ಯೆ, ಖಾಲಿ ಹುದ್ದೆಗಳು ಮತ್ತು ಅತಿಥಿ ಶಿಕ್ಷಕರು ಕೆಲಸಕ್ಕೆ ಸೇರಿದ ದಿನಾಂಕವನ್ನೂ ದಯವಿಟ್ಟು ಕೊಡಿ.