ಸತ್ಯಾಂಶ: ಹೊರರೋಗಿ ಚೀಟಿ ಔಷಧ ಪ್ರಯೋಗಕ್ಕೆ ಒಪ್ಪಿಗೆಯಲ್ಲ

ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದವರನ್ನು ಅವರಿಗೆ ತಿಳಿಸದೆಯೇ ಹೊಸ ಔಷಧದ ಪ್ರಯೋಗಕ್ಕೆ ಬಳಸಬಹುದು ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಕಾನೂನಿನಲ್ಲಿ ಅಂತಹ ಅವಕಾಶವಿಲ್ಲ.

ಈ ಭಯ ಕಾರಣವಿಲ್ಲದೆ ಹುಟ್ಟಿದ್ದಲ್ಲ ಎಂಬುದನ್ನು ಮಾತ್ರ ಒಪ್ಪಬೇಕು. ಈಗ ತೆಲಂಗಾಣದಲ್ಲಿರುವ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಅನೇಕ ಬಾಲಕಿಯರ ಪರವಾಗಿ ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2010ರಲ್ಲಿ ಅಧ್ಯಯನವನ್ನು ತಡೆಹಿಡಿಯಲಾಯಿತು.

ಇಂದು ಜಾರಿಯಲ್ಲಿರುವ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ, ಔಷಧ ನಿಯಂತ್ರಕರ ಅನುಮತಿಯ ಜೊತೆಗೆ, ಕನಿಷ್ಠ 7 ಸದಸ್ಯರಿರುವ, ಅವರಲ್ಲಿ ಒಬ್ಬರಾದರೂ ವೈದ್ಯರಲ್ಲದ ಸಾಮಾನ್ಯ ನಾಗರಿಕರಾಗಿರುವ ನೈತಿಕ ಸಮಿತಿಯ ಒಪ್ಪಿಗೆ ದೊರೆಯದೆ ಒಬ್ಬ ರೋಗಿಯನ್ನೂ ಸೇರಿಸಿಕೊಳ್ಳುವಂತಿಲ್ಲ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಅಪಾಯಗಳನ್ನು ವಿವರಿಸಿ ಲಿಖಿತ ಸಮ್ಮತಿ ಪಡೆಯಬೇಕು; ಓದಲು ಬಾರದವರಾದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಆ ಮಾತುಕತೆಯ ಉದ್ದಕ್ಕೂ ಹಾಜರಿರಬೇಕು. ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಇದಕ್ಕೆ ಸಮಯ ಎಲ್ಲಿಂದ ಬರಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಅಧ್ಯಯನದ ಯೋಜನೆಯಲ್ಲೇ ಬರೆದಿರಬೇಕು.

ಹಳೆಯ ಕೇಸ್ ಶೀಟ್‌ಗಳಿಂದ ಹೆಸರು, ಗುರುತು ತೆಗೆದು ನಡೆಸುವ ಅಧ್ಯಯನಗಳ ಮಾತು ಬೇರೆ. ಅವುಗಳಲ್ಲಿ ಪ್ರತ್ಯೇಕ ಸಮ್ಮತಿಯಿಂದ ವಿನಾಯಿತಿ ನೀಡಲು ಸಮಿತಿಗೆ ಅಧಿಕಾರವಿದೆ, ಆದರೆ ಅಲ್ಲಿ ಯಾರಿಗೂ ಔಷಧ ಕೊಡುವುದಿಲ್ಲ.

ಪ್ರಯೋಗದಿಂದ ಹಿಂದೆ ಸರಿದವರಿಗೆ ಆಸ್ಪತ್ರೆಯ ಎಂದಿನ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.