ಹೊಳೆಯುವ ಕಲ್ಲು ಮತ್ತು ವಿಕಿರಣ

ಕತ್ತಲಲ್ಲಿ ಹಸಿರಾಗಿ ಹೊಳೆಯುವ ಕಲ್ಲಿನ ಫೋಟೊ, ಜೊತೆಗೆ ‘ಈ ಬೆಳಕೇ ವಿಕಿರಣ’ ಎಂಬ ಮೆಸೇಜು ಆಗಾಗ ಫಾರ್ವರ್ಡ್ ಆಗುತ್ತದೆ. ಫೋಟೊ ನಿಜವೇ ಇರಬಹುದು, ವಿವರಣೆ ತಪ್ಪು.

ಆಟುನೈಟ್ ಎಂಬ ಖನಿಜವನ್ನೇ ನೋಡಿ. ಇದು ಕ್ಯಾಲ್ಸಿಯಂ, ಯುರೇನಿಯಂ, ನೀರು ಸೇರಿದ ಫಾಸ್ಫೇಟ್. ಅಲ್ಟ್ರಾವೈಲೆಟ್ (ನೇರಳಾತೀತ) ಟಾರ್ಚ್ ಹಾಕಿದರೆ ಹಳದಿ-ಹಸಿರಾಗಿ ಹೊಳೆಯುತ್ತದೆ, ಆರಿಸಿದರೆ ಹೊಳಪು ಹೋಗುತ್ತದೆ. ಯುರೇನಿಯಂನಿಂದ ಬರುವ ವಿಕಿರಣ ಆಗಲೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಇದೇ ಗುಂಪಿನ ಟಾರ್ಬರ್ನೈಟ್‌ನಲ್ಲಿ ಕ್ಯಾಲ್ಸಿಯಂ ಬದಲು ತಾಮ್ರವಿದೆ. ಯುರೇನಿಯಂ ಇದ್ದರೂ ಅದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಯುರೇನಿಯಂನ ಮುಖ್ಯ ಅದಿರಾದ ಯುರೇನಿನೈಟ್ ಅಂತೂ ಸುಮ್ನೆ ಕಪ್ಪು ಕಲ್ಲು! ಇತ್ತ ಕ್ಯಾಲ್ಸೈಟ್, ಫ್ಲೋರೈಟ್ ಯುರೇನಿಯಂ ಇಲ್ಲದೆಯೂ ಹೊಳೆಯಬಲ್ಲವು.

ಇಂಥ ಮೆಸೇಜ್ ಬಂದರೆ ಖನಿಜದ ಹೆಸರು ಹುಡುಕಿ, ಅದರ ರಾಸಾಯನಿಕ ಸೂತ್ರದಲ್ಲಿ ಯುರೇನಿಯಂ ಇದೆಯಾ ನೋಡಿ. ಕಲ್ಲೇ ಕೈಗೆ ಸಿಕ್ಕಿದ್ದರೆ ಅಳೆಯಬೇಕಾದದ್ದು ಗೈಗರ್ ಕೌಂಟರ್ ಎಂಬ ವಿಕಿರಣ ಮಾಪಕದಿಂದ.