ದುಡ್ಡು ತಗೊಳ್ಳುವ ಮೊದಲು ಲೈಸೆನ್ಸ್ ಯಾವ ದೇಶದ್ದು ಅಂತ ಕೇಳಿ

ಎರಡು ವರ್ಷದ ಹಿಂದೆ ಇಟಲಿಯ ಒಂದು ವಿಮಾನ ನಿಲ್ದಾಣದಲ್ಲಿ ನಾನು, ಅಮ್ಮ, ತಂಗಿ ಬಾಡಿಗೆ ಕಾರಿನ ಕೌಂಟರ್ ಮುಂದೆ ನಿಂತಿದ್ದೆವು. ಕಾರು ಬುಕ್ ಮಾಡಿ ಎರಡು ತಿಂಗಳಾಗಿತ್ತು, ದುಡ್ಡು ಪೂರ್ತಿ ಕಟ್ಟಿಯಾಗಿತ್ತು. ಅಮ್ಮನಿಗೆ ಮಂಡಿನೋವು. ಬಸ್ಸು, ರೈಲು ಅಂತ ಹತ್ತಿ ಇಳಿಯುವುದು ಅವರಿಂದ ಆಗುವುದಿಲ್ಲ ಅಂತಲೇ ಕಾರು ಹಿಡಿದಿದ್ದು. ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಲೈಸೆನ್ಸ್ ನೋಡಿದಳು, ಕ್ರೆಡಿಟ್ ಕಾರ್ಡ್ ನೋಡಿದಳು. ಆಮೇಲೆ, 'ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡಿ' ಅಂದಳು. ನನ್ನ ಹತ್ತಿರ ಇರಲಿಲ್ಲ. ಅಲ್ಲಿಗೆ ಮುಗಿಯಿತು. ಕಾರೂ ಇಲ್ಲ, ಕಟ್ಟಿದ ದುಡ್ಡೂ ಇಲ್ಲ.

ಆ ಹುಡುಗಿಯ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನ ಬಹುತೇಕ ದೇಶಗಳ ಲೈಸೆನ್ಸ್ ಇಟ್ಟುಕೊಂಡು ಇಟಲಿಯಲ್ಲಿ ಗಾಡಿ ಓಡಿಸಬೇಕಾದರೆ, ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು, ಇಲ್ಲವೇ ಇಟಾಲಿಯನ್ ಭಾಷೆಗೆ ಮಾಡಿಸಿದ ಅಧಿಕೃತ ಅನುವಾದ ಇರಬೇಕು. ಕಾನೂನು ಹಾಗಿದೆ, ಅವಳು ಅದರಂತೆ ನಡೆದುಕೊಂಡಳು. ನನ್ನ ತಕರಾರು ಅದಕ್ಕಿಂತ ಎರಡು ತಿಂಗಳು ಹಿಂದಿನದು. ಬುಕಿಂಗ್ ಮಾಡುವಾಗ ಆ ಕಂಪನಿಯವರು ನನ್ನ ವಯಸ್ಸು ಕೇಳಿದರು, ಕಾರು ವಾಪಸ್ ಕೊಡುವ ಗಂಟೆ ಕೇಳಿದರು, ಮಕ್ಕಳ ಸೀಟು ಬೇಕಾ ಅಂದರು, ಹೆಚ್ಚುವರಿ ವಿಮೆ ತಗೊಳ್ಳಿ ಅಂತ ಎರಡೆರಡು ಸಲ ಹೇಳಿದರು. ನಿಮ್ಮ ಲೈಸೆನ್ಸ್ ಯಾವ ದೇಶದ್ದು ಅಂತ ಮಾತ್ರ ಒಮ್ಮೆಯೂ ಕೇಳಲಿಲ್ಲ. ಬೇಕಾದ ದಾಖಲೆ ತರದಿದ್ದರೆ ಹಣ ವಾಪಸಿಲ್ಲ ಅನ್ನುವ ಸಾಲು ಷರತ್ತುಗಳ ಒಳಗೆಲ್ಲೋ ಇತ್ತು. ಯಾವ ದಾಖಲೆ ಅಂತ ಆ ಸಾಲಿನಲ್ಲೂ ಇರಲಿಲ್ಲ.

ಓದಿಕೊಳ್ಳಬೇಕಾಗಿತ್ತು ಅಂತ ನೀವು ಹೇಳಬಹುದು. ಹೌದು, ಓದಿಕೊಳ್ಳಬೇಕಾಗಿತ್ತು. ಆಮೇಲೆ ನಾನು ಓದಿದ್ದು ಬಹಳ. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಾ ಹೋಯಿತು: ಈ ನಿಯಮಗಳ ಕಾಡು ಗ್ರಾಹಕ ಒಬ್ಬನೇ ಹೊಕ್ಕು ದಾರಿ ಹುಡುಕಿಕೊಳ್ಳುವಂಥದ್ದಲ್ಲ.

ಐಡಿಪಿ ಅಂತ ಕರೆಯುವ ಈ ಪರ್ಮಿಟ್ ಅಸಲಿಗೆ ಲೈಸೆನ್ಸೇ ಅಲ್ಲ. ನಿಮ್ಮ ಲೈಸೆನ್ಸಿನಲ್ಲಿ ಏನಿದೆ ಅಂತ ಬೇರೆ ಭಾಷೆಗಳಲ್ಲಿ ಹೇಳುವ ಪುಸ್ತಿಕೆ ಅದು. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣದ ರಟ್ಟು. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಲೈಸೆನ್ಸ್ ಕೊಟ್ಟ ದೇಶದಲ್ಲೇ ಅದನ್ನೂ ಮಾಡಿಸಬೇಕು. ಕೆಲವು ಕಡೆ ಸಾರಿಗೆ ಇಲಾಖೆ ಕೊಡುತ್ತದೆ, ಅಮೆರಿಕದಂಥ ಕಡೆ ಸರ್ಕಾರದ ಒಪ್ಪಿಗೆ ಪಡೆದ ಮೋಟಾರು ಸಂಘ ಕೊಡುತ್ತದೆ. ವಿಮಾನ ಇಳಿದ ಮೇಲೆ ನೆನಪಾದರೆ ಆ ದೇಶದಲ್ಲಿ ಯಾರೂ ಮಾಡಿಕೊಡುವುದಿಲ್ಲ. ಆ ಕೌಂಟರ್ ಮುಂದೆ ನನಗೆ ಕೈಕಾಲು ಬಿದ್ದುಹೋದದ್ದು ಇದಕ್ಕೇ. ಹಣ ಕೊಟ್ಟಾದರೂ, ಒಂದು ದಿನ ಕಾದಾದರೂ ಸರಿಮಾಡಿಕೊಳ್ಳೋಣ ಅಂದರೆ ದಾರಿಯೇ ಇರಲಿಲ್ಲ.

ಸರಿ, ಐಡಿಪಿ ಮಾಡಿಸಿಕೊಂಡು ಹೊರಟರೆ ಸಾಕಾ? ಅದೂ ಸಾಕಾಗದೇ ಹೋಗಬಹುದು. ಯಾಕೆಂದರೆ ಐಡಿಪಿಯಲ್ಲೂ ಬಗೆಗಳಿವೆ. 1926ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಒಪ್ಪಂದ ಆಯಿತು, 1949ರಲ್ಲಿ ಜಿನೀವಾದಲ್ಲಿ ಇನ್ನೊಂದು, 1968ರಲ್ಲಿ ವಿಯೆನ್ನಾದಲ್ಲಿ ಮತ್ತೊಂದು. ಕೆಲವು ದೇಶಗಳು ಒಂದಕ್ಕೆ ಸೇರಿದವು, ಕೆಲವು ಎರಡಕ್ಕೆ. ಜಿನೀವಾ ಮಾದರಿಯ ಪರ್ಮಿಟ್ಟಿಗೆ ಒಂದು ವರ್ಷ ಆಯಸ್ಸು. ವಿಯೆನ್ನಾ ಮಾದರಿಯದಕ್ಕೆ ಹೆಚ್ಚೆಂದರೆ ಮೂರು ವರ್ಷ, ಅಷ್ಟರೊಳಗೆ ಮೂಲ ಲೈಸೆನ್ಸ್ ಮುಗಿದರೆ ಇದೂ ಮುಗಿಯಿತು. ಚೀನಾದ ಮುಖ್ಯಭೂಮಿಯಲ್ಲಂತೂ ಐಡಿಪಿಗೆ ಮಾನ್ಯತೆಯೇ ಇಲ್ಲ, ಅಲ್ಲಿನ ತಾತ್ಕಾಲಿಕ ಲೈಸೆನ್ಸನ್ನೇ ಪಡೆಯಬೇಕು.

ಇದರ ಬಿಸಿ ನನ್ನ ಗೆಳೆಯನೊಬ್ಬನಿಗೆ ಜಪಾನಿನಲ್ಲಿ ತಟ್ಟಿತು. ಅವನದು ಜರ್ಮನಿಯ ಲೈಸೆನ್ಸ್. ನನ್ನ ಕತೆ ಕೇಳಿದ್ದರಿಂದ ಹೊರಡುವ ಮೊದಲೇ ಅಲ್ಲಿನ ಕಚೇರಿಯಲ್ಲಿ ಐಡಿಪಿ ಮಾಡಿಸಿಕೊಂಡಿದ್ದ. ಜಪಾನಿನ ಕೌಂಟರಿನಲ್ಲಿ ಅದನ್ನು ನೋಡಿ ಇದು ನಡೆಯುವುದಿಲ್ಲ ಅಂದರು. ಜಪಾನ್ ಒಪ್ಪುವುದು 1949ರ ಮಾದರಿಯನ್ನು ಮಾತ್ರ, ಜರ್ಮನಿ ಆ ಒಪ್ಪಂದದಲ್ಲೇ ಇಲ್ಲ. ಹಾಗಾಗಿ ಜರ್ಮನಿ, ಸ್ವಿಟ್ಜರ್ಲೆಂಡ್ ಮುಂತಾದ ಕೆಲವು ದೇಶಗಳವರಿಗೆ ಬೇರೆಯೇ ದಾರಿ ಇಟ್ಟಿದ್ದಾರೆ: ಮೂಲ ಲೈಸೆನ್ಸ್, ಅದರ ಜೊತೆಗೆ ಜಪಾನ್ ಆಟೋಮೊಬೈಲ್ ಫೆಡರೇಷನ್‌ನಂಥ ಮಾನ್ಯತೆ ಇರುವ ಸಂಸ್ಥೆಯ ಜಪಾನಿ ಅನುವಾದ. ಆ ಅನುವಾದ ಇದ್ದಿದ್ದರೆ ಐಡಿಪಿ ಬೇಕೇ ಇರಲಿಲ್ಲ. ಕಾಳಜಿ ಮಾಡಿ, ಸಾಲಿನಲ್ಲಿ ನಿಂತು, ಶುಲ್ಕ ಕಟ್ಟಿ ಪರ್ಮಿಟ್ ಪಡೆದ ಮನುಷ್ಯನೂ ಕೊನೆಗೆ ನನ್ನ ಹಾಗೇ ಕೀಲಿ ಸಿಗದೆ ನಿಂತ. ಅವನಿಗೆ ಯಾವ ಬಾಯಲ್ಲಿ ನೀನು ಓದಿಕೊಳ್ಳಬೇಕಾಗಿತ್ತು ಅನ್ನುವುದು?

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಕೌಂಟರಿನಲ್ಲಿ ತಡೆದವರಿಗಿಂತ ತಡೆಯದವರ ಬಗ್ಗೆ ನನಗೆ ಭಯ ಹೆಚ್ಚು. 'ನಾನು ಐಡಿಪಿ ಇಲ್ಲದೆ ಎಷ್ಟೋ ದೇಶ ಸುತ್ತಿದ್ದೇನೆ, ಯಾರೂ ಕೇಳಲೇ ಇಲ್ಲ' ಅನ್ನುವವರು ಈ ಬರಹದ ಕೆಳಗೂ ಖಂಡಿತ ಬರುತ್ತೀರಿ. ಅವರಿಗೆ ಕೈಮುಗಿದು ಹೇಳುತ್ತೇನೆ, ಕೀಲಿ ಕೊಟ್ಟರು ಅಂದ ಮಾತ್ರಕ್ಕೆ ಓಡಿಸುವ ಹಕ್ಕು ಕೊಟ್ಟ ಹಾಗಲ್ಲ. ಕಂಪನಿಯ ಒಪ್ಪಂದ ಬೇರೆ, ಆ ದೇಶದ ಕಾನೂನು ಬೇರೆ, ವಿಮೆಯ ಷರತ್ತು ಬೇರೆ. ಕಾನೂನು ಕೇಳದ ಐಡಿಪಿಯನ್ನು ಕಂಪನಿ ಕೇಳಬಹುದು. ಕಾನೂನು ಕೇಳುವುದನ್ನು ಕಂಪನಿಯ ಸಿಬ್ಬಂದಿ ಗಡಿಬಿಡಿಯಲ್ಲಿ ಕೇಳದೇ ಬಿಡಬಹುದು. ಏನೂ ಆಗದಿದ್ದರೆ ಏನೂ ಇಲ್ಲ. ಗಾಡಿ ಯಾರಿಗಾದರೂ ತಗುಲಿದ ದಿನ ವಿಮೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಓಡಿಸುತ್ತಿದ್ದವರಿಗೆ ಅಲ್ಲಿ ಓಡಿಸಲು ಅರ್ಹತೆ ಇತ್ತೇ ಅನ್ನುವುದು. ಬಾಡಿಗೆಯ ಜೊತೆ ಕೊಡುವ ಡ್ಯಾಮೇಜ್ ರಕ್ಷಣೆ ಸಾಮಾನ್ಯವಾಗಿ ಒಪ್ಪಂದದಲ್ಲಿ ಹೆಸರಿರುವ, ಕಾನೂನಿನ ಪ್ರಕಾರ ಅರ್ಹರಾದ ಚಾಲಕರಿಗೆ ಮಾತ್ರ. ಸುಸ್ತಾಯಿತು ಅಂತ ಅರ್ಧ ಗಂಟೆ ಭಾವನ ಕೈಗೆ ಸ್ಟೇರಿಂಗ್ ಕೊಟ್ಟರೂ, ಭಾವನ ಹೆಸರು ಆ ಕಾಗದದಲ್ಲಿ ಇಲ್ಲದಿದ್ದರೆ ರಕ್ಷಣೆ ತಪ್ಪಿಹೋಗಬಹುದು. ಪೆಟ್ಟಾದವರ ಆಸ್ಪತ್ರೆ ಖರ್ಚು ಆಮೇಲೆ ನಿಮ್ಮ ತಲೆಮೇಲೆ ಬಂದರೆ ಅದು ಜೀವಮಾನದ ಸಾಲ. ಪೆಟ್ಟು ತಿಂದವರ ಪಾಡನ್ನೂ ಒಂದು ಕ್ಷಣ ಯೋಚಿಸಿ.

ಸಣ್ಣಪುಟ್ಟವೂ ಇವೆ. ಡೆಪಾಸಿಟ್ಟಿಗೆ ಕೊಡುವ ಕಾರ್ಡು ಮುಖ್ಯ ಚಾಲಕರ ಹೆಸರಿನಲ್ಲೇ ಇರಬೇಕು ಅನ್ನುವ ಕಂಪನಿಗಳು ಬಹಳ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಲೈಸೆನ್ಸಿನಲ್ಲಿ ಇನ್ನೊಂದು ಥರ ಇದ್ದರೆ ಅಲ್ಲೇ ತೊಡಕು. ಮೊಬೈಲಿನಲ್ಲಿರುವ ಲೈಸೆನ್ಸಿನ ಫೋಟೋ ನಂಬಿಕೊಂಡು ಹೋಗಬೇಡಿ. ಯುರೋಪಿನ ಲೈಸೆನ್ಸುಗಳಲ್ಲಿ 78 ಅನ್ನುವ ಸಂಕೇತ ಇದ್ದರೆ ಆಟೋಮ್ಯಾಟಿಕ್ ಗಾಡಿ ಮಾತ್ರ ಓಡಿಸಬಹುದು ಅಂತ ಅರ್ಥ. ಅಂಥವರು ಬಾಡಿಗೆ ಕಡಿಮೆ ಅಂತ ಗೇರಿನ ಕಾರು ಬುಕ್ ಮಾಡಿದರೆ ಐಡಿಪಿ ಇದ್ದೂ ಉಪಯೋಗವಿಲ್ಲ.

ಈ ಗೊಂದಲದಲ್ಲಿ ಹಣ ಮಾಡಿಕೊಳ್ಳುವವರ ಬಗ್ಗೆ ಒಂದು ಮಾತು. ಇಂಟರ್‌ನೆಟ್ಟಿನಲ್ಲಿ 'ಇಂಟರ್‌ನ್ಯಾಷನಲ್ ಡ್ರೈವಿಂಗ್ ಲೈಸೆನ್ಸ್' ಅಂತ ಪ್ಲಾಸ್ಟಿಕ್ ಕಾರ್ಡು ಮಾರುತ್ತಾರೆ, ಹತ್ತು ವರ್ಷ ನಡೆಯುತ್ತದೆ ಅನ್ನುತ್ತಾರೆ. ಮೂರು ವರ್ಷ ಮೀರಿದ ಐಡಿಪಿ ಯಾವ ಒಪ್ಪಂದದಲ್ಲೂ ಇಲ್ಲ. ಆ ಒಂದು ಅಂಕಿಯಿಂದಲೇ ಮೋಸ ಗುರುತಿಸಬಹುದು. ಗಾಬರಿಯಲ್ಲಿರುವವರು, ಹೊರಡಲು ನಾಲ್ಕು ದಿನ ಉಳಿದವರು ಇದಕ್ಕೆ ಬೀಳುತ್ತಾರೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ವಿಮಾನ ಹತ್ತುವ ಮೊದಲು ಯಾವ ದೇಶದ ಪಾಸ್‌ಪೋರ್ಟಿಗೆ ಎಲ್ಲಿ ವೀಸಾ ಬೇಕು ಅಂತ ವಿಮಾನ ಕಂಪನಿಗಳು ಟಿಮ್ಯಾಟಿಕ್ ಅನ್ನುವ ದತ್ತಾಂಶ ವ್ಯವಸ್ಥೆಯಲ್ಲಿ ನೋಡಿ ಹೇಳುತ್ತವೆ. ಬ್ರಿಟನ್ 2015ರಲ್ಲಿ ಲೈಸೆನ್ಸಿನ ಜೊತೆಗಿದ್ದ ಕಾಗದದ ಭಾಗವನ್ನು ರದ್ದು ಮಾಡಿದಾಗ ಅದರ ಬದಲು ಒಂದು ಸಂಕೇತ ಕೊಡುವ ಏರ್ಪಾಟು ಮಾಡಿತು. 21 ದಿನ ನಡೆಯುವ ಆ ಸಂಕೇತ ಕೊಟ್ಟರೆ ಬಾಡಿಗೆ ಕಂಪನಿಯವರು ಕೂತಲ್ಲೇ ಚಾಲಕರ ದಾಖಲೆ ನೋಡಬಹುದು. ಇಷ್ಟೆಲ್ಲ ಆಗುವ ಕಾಲದಲ್ಲಿ ಬುಕಿಂಗ್ ಪುಟದಲ್ಲಿ ಎರಡು ಪ್ರಶ್ನೆ ಸೇರಿಸುವುದು ಕಷ್ಟವೇ? ಲೈಸೆನ್ಸ್ ಕೊಟ್ಟ ದೇಶ ಯಾವುದು, ಓಡಿಸುವ ದೇಶ ಯಾವುದು. ಉತ್ತರ ನೋಡಿ, ಇಂತಿಂಥ ಕಾಗದ ತನ್ನಿ, ಅದನ್ನು ಇಲ್ಲಿಗೆ ಬರುವ ಮೊದಲೇ ಮಾಡಿಸಿ ಅಂತ ದಪ್ಪ ಅಕ್ಷರದಲ್ಲಿ ಹೇಳಿ, ಆಮೇಲೆ ದುಡ್ಡು ತಗೊಳ್ಳಲಿ. ಹೇಳಿದ ಮೇಲೂ ತರದವರಿಗೆ ಹಣ ವಾಪಸ್ ಕೊಡಬೇಡಿ, ನಾನು ಕೇಳುವುದಿಲ್ಲ. ಕೇಳದೇ ದುಡ್ಡು ತಗೊಂಡವರು ಮಾತ್ರ ಅದನ್ನು ಇಟ್ಟುಕೊಳ್ಳುವುದು ಅನ್ಯಾಯ.

ಇದನ್ನೇ ಆ ಕಂಪನಿಗೆ ಮೂರು ಸಲ ಬರೆದೆ. ಎರಡು ಸಲ ಷರತ್ತಿನ ಅದೇ ಸಾಲನ್ನು ಕಳಿಸಿದರು, ಮೂರನೆಯದಕ್ಕೆ ಉತ್ತರ ಬಂದಿಲ್ಲ. ನಾಲ್ಕನೆಯದನ್ನು ಇವತ್ತು ಬೆಳಗ್ಗೆ ಕಳಿಸಿದ್ದೇನೆ. ನಿಮಗೂ ಹೀಗಾಗಿದ್ದರೆ ನೀವೂ ನಿಮ್ಮ ಕಂಪನಿಗೆ ಬರೆಯಿರಿ, ಅವರು ಏನಂದರು ಅಂತ ಕೆಳಗೆ ಹಾಕಿ.